ಚರ್ಮದ ಹೋಲ್‌ಸ್ಟರ್ (ಪಿಸ್ತೂಲು ಇಡುವ ಚೀಲ) ಬಾಯಿಗೆ ಎರಡನೇ ಪದರವಾಗಿ ಪಟ್ಟಿ ಹಾಕುವಾಗ ಬರೀ ಅಂಟು ಸಾಕಾ, ಹೊಲಿಯಲೇಬೇಕಾ?

ಎರಡೂ ಬೇಕು. ಅಂಟು ಪದರಗಳನ್ನು ಜರುಗದ ಹಾಗೆ ಹಿಡಿದಿಡುತ್ತದೆ, ವರ್ಷಗಟ್ಟಲೆ ಎಳೆತ ತಡೆಯುವುದು ಹೊಲಿಗೆ. ಪಿಸ್ತೂಲು ಹೊರಗೆ ತೆಗೆದ ಮೇಲೂ ಬಾಯಿ ತೆರೆದೇ ಇರಲಿ ಅಂತಲೇ ಆ ಪಟ್ಟಿ ಹಾಕುವುದು ಅಲ್ವಾ? ಪಟ್ಟಿ ಬಿಟ್ಟುಕೊಂಡು ಚರ್ಮ ಒಳಗೆ ಮಡಚಿದರೆ, ವಾಪಸ್ ಇಡುವಾಗ ಟ್ರಿಗರ್‌ಗೆ ಸಿಕ್ಕಿ ಗುಂಡು ಹಾರಬಹುದು, ಆದ್ದರಿಂದ ಇಲ್ಲಿ ಸುಮ್ನೆ ಅಂಟಿಸಿ ಬಿಡಬೇಡಿ.

ಚರ್ಮದ ನುಣುಪು ಮೈಗೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಪಟ್ಟಿ ಕೂರುವ ಜಾಗದಲ್ಲಿ ಮಾತ್ರ, ಗೆರೆ ದಾಟದೆ, ಉಜ್ಜು ಕಾಗದದಿಂದ ಒರಟು ಮಾಡಿ. ಚಪ್ಪಲಿ ಹೊಲಿಯುವವರು ಬಳಸುವ ಕಾಂಟ್ಯಾಕ್ಟ್ ಅಂಟನ್ನು ಎರಡೂ ಕಡೆ ತೆಳ್ಳಗೆ ಹಚ್ಚಿ, ಕೈಗೆ ಹತ್ತದಷ್ಟು ಒಣಗಿದ ಮೇಲೆ ಒತ್ತಿ. ಒಮ್ಮೆ ಹಿಡಿದರೆ ಸರಿಸಲು ಆಗುವುದಿಲ್ಲ, ಮೊದಲೇ ಗುರುತು ಹಾಕಿಕೊಳ್ಳಿ. ದಪ್ಪ ಚರ್ಮವಾದರೆ ಬಗ್ಗಿಸಿಕೊಂಡೇ ಅಂಟಿಸಿ. ಚಪ್ಪಟೆಯಾಗಿ ಅಂಟಿಸಿ ಆಮೇಲೆ ಮಡಚಿದರೆ ಒಳಪದರ ಸುಕ್ಕಾಗುತ್ತದೆ. ಕಿಟಕಿ ತೆರೆದಿರಲಿ, ಘಾಟು ಜಾಸ್ತಿ.

ಜನ ಎಡವುವುದು ಹೊಲಿಗೆಯ ಕ್ರಮದಲ್ಲಿ. ಪಟ್ಟಿಯ ಮೇಲಂಚು, ಕೆಳಂಚು ಎರಡನ್ನೂ ಹೋಲ್‌ಸ್ಟರ್ ಬದಿಗಳನ್ನು ಸೇರಿಸಿ ಮುಚ್ಚುವ ಮೊದಲೇ ಹೊಲಿದುಬಿಡಿ, ಏಕೆಂದರೆ ಮುಖ್ಯ ಹೊಲಿಗೆ ಬಿದ್ದ ಮೇಲೆ ಒಳಗೆ ಸೂಜಿ ಆಡಿಸಲು ಜಾಗವೇ ಇರುವುದಿಲ್ಲ. ಅಂಚಿನಿಂದ ಸುಮಾರು 3-4 ಮಿ.ಮೀ. ಒಳಗೆ ಸಣ್ಣ ಕಾಲುವೆ ಕೊರೆದರೆ ದಾರ ಅದರಲ್ಲಿ ಕೂತು ಸವೆಯುವುದು ಕಡಿಮೆ. ಮೇಣ ಹಚ್ಚಿದ ಪಾಲಿಯೆಸ್ಟರ್ ದಾರ, ಎರಡು ಸೂಜಿಯ ಕೈಹೊಲಿಗೆ ನನಗೆ ಇಷ್ಟ: ಒಂದು ಕಡೆ ದಾರ ಹರಿದರೂ ಉಳಿದದ್ದು ಸುಲಭವಾಗಿ ಬಿಚ್ಚಿಕೊಳ್ಳುವುದಿಲ್ಲ. ನೀರಲ್ಲಿ ನೆನೆಸಿ ಆಕಾರ ಕೊಡುವುದು ಇದೆಲ್ಲ ಮುಗಿದ ಮೇಲೆ.