ಫೈನಲ್ ಫ್ಯಾಂಟಸಿ ಗೇಮ್ ಸರಣಿಯ ಹಳೆಯ ಭಾಗಗಳ ಕತೆಯನ್ನು ವಿಡಿಯೋದಲ್ಲಿ ನೋಡಿಕೊಂಡು ನೇರವಾಗಿ 16 ಆಡಿದರೆ ಸಾಕಾ?

ದಯವಿಟ್ಟು ಆ ವಿಡಿಯೋ ನೋಡಬೇಡಿ. ಶುರು ಮಾಡಿದ್ದರೆ ಅಲ್ಲಿಗೇ ನಿಲ್ಲಿಸಿ. "ಕತೆ ಸೂಪರ್ ಅಂತಾರೆ, ಆದರೆ ಸರದಿ ಕಾಯುವ ಫೈಟ್ ಬೋರ್, ಹಾಗಾಗಿ ಕತೆ ಮಾತ್ರ ತಿಳಿದುಕೊಳ್ಳುತ್ತೇನೆ" ಅಂತ ಬರೆದಿದ್ದೀರಲ್ಲ, ಒಂದು ಕಾಲದಲ್ಲಿ ನಾನು ಗೆಳೆಯರ ಜೊತೆ ವಾದಕ್ಕೆ ಕೂತು ಹೇಳುತ್ತಿದ್ದದ್ದು ಇದೇ ಮಾತು. ಕತೆ ಬೇರೆ, ಆಟ ಬೇರೆ ಅಂತ ನಂಬಿದ್ದೆ. ಆ ನಂಬಿಕೆಯಿಂದ ಒಂದು ಒಳ್ಳೆಯ ಆಟವನ್ನು ಅರ್ಧ ಕಳೆದುಕೊಂಡೆ.

ಮುಂದೆ 6ನೇ ಭಾಗದ ಗುಟ್ಟುಗಳಿವೆ. ಅದೊಂದರದ್ದು ಬಯಲಾದರೂ ಪರವಾಗಿಲ್ಲ, ಉಳಿದವು ನಿಮಗೆ ಉಳಿಯಲಿ ಅಂತಲೇ ಇಷ್ಟು ಬರೆಯುತ್ತಿದ್ದೇನೆ.

6ನೇ ಭಾಗ ಬಂದಿದ್ದು 1994ರಲ್ಲಿ, ಸೂಪರ್ ಫ್ಯಾಮಿಕಾಮ್ ಅನ್ನುವ ಗೇಮ್ ಕನ್ಸೋಲ್‌ಗೆ. ನಾನು ಆಡಿದ್ದು 2022ರ ಪಿಕ್ಸೆಲ್ ರೀಮಾಸ್ಟರ್, ಅಂದರೆ ಅದೇ ಆಟದ ಹೊಸ ಆವೃತ್ತಿ, ಪಿಸಿಯಲ್ಲಿ. ಆಡುವ ಮೊದಲೇ ಇಡೀ ಕತೆಯ ಸಾರಾಂಶ ಓದಿಬಿಟ್ಟಿದ್ದೆ. ಯಾರು ಯಾರ ಮಗಳು, ಯಾರು ಯಾವಾಗ ಮೋಸ ಮಾಡುತ್ತಾನೆ, ಜಗತ್ತು ಹೇಗೆ ಒಡೆಯುತ್ತದೆ, ಎಲ್ಲ ಗೊತ್ತಿತ್ತು. ಗೊತ್ತಿರುವುದನ್ನು ಮತ್ತೆ ಯಾಕೆ ಓದಬೇಕು ಅಂತ ಸಂಭಾಷಣೆ ಬಂದಾಗಲೆಲ್ಲ ಬಟನ್ ಒತ್ತುತ್ತಾ ಹೋದೆ. ಸಣ್ಣ ಫೈಟ್‌ಗಳಿಗೆ ಆಟೋ ಬ್ಯಾಟಲ್ ಹಾಕಿಟ್ಟಿದ್ದೆ. ಕತೆಯನ್ನೂ ಕೇಳಲಿಲ್ಲ, ಆಟವನ್ನೂ ಆಡಲಿಲ್ಲ, ಸುಮ್ನೆ ಮುಂದೆ ಓಡಿದೆ.

ಈ ಆಟದಲ್ಲಿ ಶ್ಯಾಡೋ ಅಂತ ಒಬ್ಬನಿದ್ದಾನೆ. ಮುಖ ಮುಚ್ಚಿಕೊಂಡ ಬಾಡಿಗೆ ಕೊಲೆಗಾರ, ಜೊತೆಗೆ ಇಂಟರ್‌ಸೆಪ್ಟರ್ ಅನ್ನುವ ನಾಯಿ. ಮೊದಮೊದಲು ಅವನು ನಿಮ್ಮ ಗುಂಪಿಗೆ ಸೇರಿದರೂ ನಂಬುವ ಹಾಗಿಲ್ಲ, ಯಾವುದೋ ಒಂದು ಫೈಟ್ ಮುಗಿದ ಮೇಲೆ ಹೇಳದೆ ಕೇಳದೆ ಎದ್ದು ಹೋಗಿಬಿಡಬಹುದು. ಇನ್ನೊಂದು ಕಡೆ ದುಡ್ಡು ಕೊಟ್ಟರೆ ಮಾತ್ರ ಬರುತ್ತಾನೆ. ಆದರೆ ಅವನ ಮೇಲೆ ಬರುವ ಏಟಿಗೆ ಕೆಲವೊಮ್ಮೆ ನಾಯಿ ಅಡ್ಡ ಬರುತ್ತದೆ. ಗಮನಿಸಿ, ಇಲ್ಲಿಯವರೆಗೆ ಹೇಳಿದ್ದು ಹೆಚ್ಚಿನದು ಫೈಟ್ ವ್ಯವಸ್ಥೆಯ ಬಗ್ಗೆ. ಆದರೂ ಮನುಷ್ಯ ಎಂಥವನು ಅಂತ ನಿಮಗೆ ಅರ್ಥವಾಯಿತು, ಅಲ್ವಾ?

ಈಗ ನನ್ನ ತಪ್ಪಿಗೆ ಬರುತ್ತೇನೆ. ಆಟದ ನಡುವೆ ಆಕಾಶದಲ್ಲಿ ತೇಲುವ ಒಂದು ಖಂಡಕ್ಕೆ ಹೋಗುತ್ತೇವೆ. ಅಲ್ಲಿ ಖಳನಾಯಕ ಕೆಫ್ಕಾ ತನ್ನ ಚಕ್ರವರ್ತಿಯನ್ನೇ ಕೊಂದು, ಜಗತ್ತಿನ ಸಮತೋಲ ಹಿಡಿದಿಟ್ಟಿರುವ ಮೂರು ವಿಗ್ರಹಗಳನ್ನು ಜಾಗದಿಂದ ಸರಿಸುತ್ತಾನೆ. ಎಲ್ಲ ಕೈಮೀರಿತು ಅನ್ನುವಾಗ ಶ್ಯಾಡೋ ಓಡಿ ಬಂದು ಅವನನ್ನು ವಿಗ್ರಹಗಳ ನಡುವೆ ಸಿಕ್ಕಿಸಿ ಹಿಡಿದು, ನೀವು ಹೋಗಿ ಅನ್ನುತ್ತಾನೆ. ಪರದೆಯ ಮೇಲೆ ಟೈಮರ್ ಶುರುವಾಗುತ್ತದೆ, 6 ನಿಮಿಷ. ಖಂಡ ಕುಸಿಯುತ್ತಿದೆ, ದಾರಿಯಲ್ಲಿ ರಾಕ್ಷಸರು, ಫೈಟ್ ನಡೆಯುವಾಗಲೂ ಟೈಮರ್ ನಿಲ್ಲುವುದಿಲ್ಲ. ಅಂಚಿಗೆ ಬಂದರೆ ಕೆಳಗೆ ನಮ್ಮ ಹಾರುವ ಹಡಗು. ಆಟ ಕೇಳುತ್ತದೆ: ಹಾರುತ್ತೀಯಾ, ಕಾಯುತ್ತೀಯಾ?

ನಾನು ಹಾರಿದೆ. ಟೈಮರ್‌ನಲ್ಲಿ ಇನ್ನೂ ಬೇಕಾದಷ್ಟು ಸಮಯವಿತ್ತು. ಆದರೂ ಹಾರಿದೆ. ಯಾಕೆ ಅಂತ ಆಮೇಲೆ ಬಹಳ ಯೋಚಿಸಿದ್ದೇನೆ. ಮೊದಲನೆಯದು, ನಾನು ಓದಿದ ಸಾರಾಂಶದಲ್ಲಿ ಇದ್ದದ್ದು "ಜಗತ್ತು ಒಡೆಯುತ್ತದೆ, ನಾಯಕರು ಹಡಗಿನಲ್ಲಿ ಪಾರಾಗುತ್ತಾರೆ" ಅನ್ನುವ ಒಂದೇ ಸಾಲು. ಪಾರಾಗುತ್ತಾರೆ ಅಂದ ಮೇಲೆ ಹಾರುವುದೇ ಸರಿ ಅಂದುಕೊಂಡೆ. ಎರಡನೆಯದು, ಶ್ಯಾಡೋ ಹಿಂದೆ ಉಳಿದ ದೃಶ್ಯದ ಮಾತುಗಳನ್ನು ನಾನು ಓದಿರಲೇ ಇಲ್ಲ, ಬಟನ್ ಒತ್ತಿ ದಾಟಿಸಿದ್ದೆ, ಹಾಗಾಗಿ ಒಬ್ಬ ಮನುಷ್ಯ ನಮಗಾಗಿ ಅಲ್ಲಿ ನಿಂತಿದ್ದಾನೆ ಅನ್ನುವುದೇ ಆ ಕ್ಷಣಕ್ಕೆ ತಲೆಯಲ್ಲಿರಲಿಲ್ಲ. ಮೂರನೆಯದೇ ಮುಖ್ಯ. ಟೈಮರ್ ಅಂದರೆ ಬೇಗ ಮುಗಿಸು ಅಂತ ನಾನು ಆಡಿದ ಬೇರೆ ಆಟಗಳೆಲ್ಲ ಕಲಿಸಿದ್ದವು. ಇಲ್ಲಿ ಅದೇ ಟೈಮರ್ ನಿಮ್ಮನ್ನು ಪರೀಕ್ಷೆ ಮಾಡುತ್ತದೆ. ಓಡಿ ಬಂದವರು ಅಂಚಿನಲ್ಲಿ ನಿಂತು, ಸೆಕೆಂಡುಗಳು ಕರಗುವುದನ್ನು ನೋಡುತ್ತಾ, ಏನೂ ಮಾಡದೆ ಕಾಯಬೇಕು. ಕೊನೆಯ 5 ಸೆಕೆಂಡ್‌ ಉಳಿದಾಗ ಶ್ಯಾಡೋ ಓಡಿ ಬರುತ್ತಾನೆ. ಕಾದರೆ ಬದುಕುತ್ತಾನೆ. ಹಾರಿದರೆ ಇಡೀ ಆಟದಲ್ಲಿ ಮತ್ತೆ ಸಿಗುವುದಿಲ್ಲ.

ಇದು ನನಗೆ ಗೊತ್ತಾಗಿದ್ದು ಎಷ್ಟೋ ಆಮೇಲೆ. ಜಗತ್ತು ಒಡೆದ ಮೇಲೆ ಚದುರಿಹೋದ ಗೆಳೆಯರನ್ನು ಒಬ್ಬೊಬ್ಬರನ್ನಾಗಿ ಹುಡುಕಬೇಕು. ಒಂದು ಗುಹೆಯಲ್ಲಿ ಗಾಯಗೊಂಡು ಬಿದ್ದಿದ್ದ ರೆಲ್ಮ್ ಅನ್ನುವ ಪುಟ್ಟ ಹುಡುಗಿ ಸಿಕ್ಕಳು. ಇದನ್ನು ಗೆಳೆಯನಿಗೆ ಹೇಳಿದೆ. "ಅಲ್ಲಿ ಶ್ಯಾಡೋ ಅಲ್ವಾ ಇರೋದು?" ಅಂದ. ಅಷ್ಟರಲ್ಲಿ ನನ್ನ ಹಳೆಯ ಸೇವ್ ಹೋಗಿತ್ತು. ಖಂಡದಲ್ಲಿ ಮಾಡಿದ್ದ ಸೇವ್ ಮೇಲೆಯೇ ಮುಂದಿನ ಸೇವ್ ಬರೆದಿದ್ದೆ, ಎಲ್ಲ ಒಂದೇ ಸ್ಲಾಟ್‌ನಲ್ಲಿ. ಹಿಂದೆ ಹೋಗಲು ದಾರಿಯಿಲ್ಲ.

ಕಳೆದದ್ದು ಒಬ್ಬ ಒಳ್ಳೆಯ ಹೋರಾಟಗಾರ ಮಾತ್ರ ಅಲ್ಲ. ಶ್ಯಾಡೋ ಗುಂಪಿನಲ್ಲಿದ್ದು ವಸತಿಗೃಹದಲ್ಲಿ ಮಲಗಿದರೆ ಕೆಲವೊಮ್ಮೆ ಅವನ ಕನಸುಗಳು ಬೀಳುತ್ತವೆ. ಅವನ ಹಳೆಯ ಹೆಸರು ಕ್ಲೈಡ್. ಒಬ್ಬ ಜೊತೆಗಾರನ ಜೊತೆ ದರೋಡೆ ಮಾಡಿಕೊಂಡಿದ್ದವನು. ಜೊತೆಗಾರ ಗಾಯಗೊಂಡು ಸಾಯುವ ಸ್ಥಿತಿಯಲ್ಲಿ, ನನ್ನನ್ನು ಕೊಂದು ಹೋಗು ಅಂತ ಬೇಡುತ್ತಾನೆ. ಕ್ಲೈಡ್‌ಗೆ ಕೈ ಬರುವುದಿಲ್ಲ, ಅವನನ್ನು ಹಾಗೆಯೇ ಬಿಟ್ಟು ಓಡಿಹೋಗುತ್ತಾನೆ. ಆ ಓಟದ ಭಾರ ಹೊತ್ತೇ ಮುಖ ಮುಚ್ಚಿಕೊಂಡು ತಿರುಗುತ್ತಿರುವುದು. ರೆಲ್ಮ್ ಅವನ ಮಗಳು ಅಂತ ಆಟ ಬಾಯಿಬಿಟ್ಟು ಹೇಳದೆ ಈ ಕನಸುಗಳಲ್ಲೇ ತಿಳಿಸುತ್ತದೆ.

ಈಗ ಆ ಅಂಚನ್ನು ಇನ್ನೊಮ್ಮೆ ನೋಡಿ. ಗೆಳೆಯನನ್ನು ಬಿಟ್ಟು ಓಡಿದವನೊಬ್ಬ ಈ ಸಲ ಓಡದೆ ನಿಂತಿದ್ದಾನೆ. ಅವನನ್ನು ಬಿಟ್ಟು ಓಡುವ ಆಯ್ಕೆ ನಿಮ್ಮ ಕೈಯಲ್ಲಿದೆ. ಅವನು ಮಾಡಿದ್ದನ್ನೇ ನಾನು ಅವನಿಗೆ ಮಾಡಿದೆ. ಇದನ್ನು ಕತೆ ಅನ್ನುತ್ತೀರೋ ಗೇಮ್‌ಪ್ಲೇ ಅನ್ನುತ್ತೀರೋ? ನಾನು ಬೇರೆ ಮಾಡಲಾರೆ. ವಿಡಿಯೋದಲ್ಲಿ ಇದೇ ಭಾಗ ನೋಡಿದರೆ ಆಡಿದವನು ಕಾದಿರುತ್ತಾನೆ, ಶ್ಯಾಡೋ ಬಂದಿರುತ್ತಾನೆ, ಎರಡು ನಿಮಿಷದಲ್ಲಿ ಮುಗಿದಿರುತ್ತದೆ. ಬಿಟ್ಟುಹೋಗುವ ಅವಕಾಶವೇ ನಿಮಗಿರುವುದಿಲ್ಲ.

ಕತೆ ಗೊತ್ತಿದ್ದೂ ಯಕ್ಷಗಾನಕ್ಕೆ ರಾತ್ರಿಯಿಡೀ ಕೂರುತ್ತೇವಲ್ಲ, ಗೊತ್ತಿದ್ದರೆ ಏನು ನಷ್ಟ ಅಂತ ನೀವು ಕೇಳಬಹುದು. ನನ್ನ ಗೆಳೆಯನೊಬ್ಬ ಕೇಳಿದ್ದ ಪ್ರಶ್ನೆ ಅದು. ಅಲ್ಲಿ ನಾವು ನೋಡುವವರು, ಅಭಿಮನ್ಯುವನ್ನು ಉಳಿಸಲು ನಮ್ಮ ಕೈಯಲ್ಲಿ ಏನೂ ಇಲ್ಲ. ಇಲ್ಲಿ ಇದೆ. ಅದಕ್ಕೇ ಇಲ್ಲಿ ಮೊದಲೇ ಗೊತ್ತಿರುವುದು ಆಡುವ ರೀತಿಯನ್ನೇ ಕೆಡಿಸುತ್ತದೆ, ನನಗೆ ಕೆಡಿಸಿದ ಹಾಗೆ.

6ನೇ ಭಾಗಕ್ಕೆ ಇಬ್ಬರು ನಿರ್ದೇಶಕರು. ಯೋಶಿನೋರಿ ಕಿತಾಸೆ ಸಿನಿಮಾ ಓದಿ ಬಂದವರು. ಹಿರೋಯುಕಿ ಇಟೊ 1991ರ 4ನೇ ಭಾಗದಲ್ಲಿ ಎಟಿಬಿ (ಆಕ್ಟಿವ್ ಟೈಮ್ ಬ್ಯಾಟಲ್) ವ್ಯವಸ್ಥೆ ತಂದವರು, ಅಂದರೆ ನೀವು ಬೋರ್ ಅನ್ನುವ, ಸಮಯ ತೋರಿಸುವ ಪಟ್ಟಿ ತುಂಬುವವರೆಗೆ ಕಾಯುವ ಫೈಟ್. ಇಬ್ಬರೂ ಸೇರಿ ಮಾಡಿದ ಆಟದಲ್ಲಿ ಒಬ್ಬರ ಪಾಲನ್ನು ಕತ್ತರಿಸಿ ಇಟ್ಟುಕೊಳ್ಳುತ್ತೇನೆ ಅಂದರೆ ಆಗುವುದಿಲ್ಲ. ಜಗತ್ತು ಒಡೆದ ಮೇಲೆ ನಮ್ಮ ಗುಂಪಿನ ಸೆಲೆಸ್ ಒಂದು ದ್ವೀಪದಲ್ಲಿ ಎಚ್ಚರಗೊಳ್ಳುತ್ತಾಳೆ, ಅಲ್ಲಿ ಕಾಯಿಲೆ ಬಿದ್ದ ಸಿಡ್ ಅನ್ನುವ ಮುದುಕನಿಗೆ ಮೀನು ಹಿಡಿದು ತಿನ್ನಿಸಬೇಕು. ಚುರುಕಾಗಿ ಈಜುವ ಮೀನು ಕೊಟ್ಟರೆ ಚೇತರಿಸಿಕೊಳ್ಳುತ್ತಾನೆ, ನಿಧಾನದ್ದು ಕೊಟ್ಟರೆ ಕೆಡುತ್ತಾನೆ, ಸತ್ತೂ ಹೋಗಬಹುದು. ಯಾವ ಮೀನು ಹಿಡಿಯಬೇಕು ಅಂತ ಯಾರೂ ಹೇಳಿಕೊಡುವುದಿಲ್ಲ. ನಾನು ಅಲ್ಲೂ ಅವಸರ ಮಾಡಿ ಸುಲಭಕ್ಕೆ ಸಿಗುವ ನಿಧಾನದ ಮೀನುಗಳನ್ನೇ ಕೊಟ್ಟೆ. ಸಿಡ್ ಉಳಿಯಲಿಲ್ಲ.

7ನೇ ಭಾಗದಲ್ಲಿ ಗುಂಪಿನ ಏರಿತ್ ಸಾಯುವುದು ನಿಮಗೆ ಗೊತ್ತೇ ಇರುತ್ತದೆ, 1997ರಿಂದ ಎಲ್ಲರೂ ಅದನ್ನೇ ಹೇಳುತ್ತಿದ್ದಾರೆ. ಆದರೆ ಅವಳ ಲಿಮಿಟ್ ಬ್ರೇಕ್‌ಗಳಲ್ಲಿ (ಏಟು ತಿಂದಂತೆ ಕೂಡಿಬರುವ ವಿಶೇಷ ಶಕ್ತಿಗಳು) ಹೆಚ್ಚಿನವು ಜೊತೆಯವರನ್ನು ಗುಣಪಡಿಸುವ, ಕಾಪಾಡುವ ಬಗೆಯವು. ಅವಳನ್ನು ನಂಬಿ ಫೈಟ್ ಕಟ್ಟಿಕೊಂಡವರಿಗೆ ಆಮೇಲಿನ ಪ್ರತಿ ಫೈಟ್‌ನಲ್ಲೂ ಅವಳಿಲ್ಲ ಅನ್ನುವುದು ತಟ್ಟುತ್ತದೆ. ನೋಡಿದವರಿಗೆ ಒಂದು ದೃಶ್ಯ, ಅಷ್ಟೇ.

ಈ ಸರಣಿಯಲ್ಲಿ ಎಲ್ಲವೂ ಹೀಗಿಲ್ಲ, ನಿಜ. 13ನೇ ಭಾಗದಲ್ಲಿ 11ನೇ ಅಧ್ಯಾಯದವರೆಗೆ ಹೆಚ್ಚುಕಡಿಮೆ ಒಂದೇ ಓಣಿಯಲ್ಲಿ ನಡೆಸುತ್ತಾರೆ. ಓಡಿಹೋಗುತ್ತಿರುವವರ ಕತೆಗೆ ಅದು ಸರಿಯೇ ಅಂತ ಸಮರ್ಥಿಸುವವರಿದ್ದಾರೆ, ನನಗೆ ಒಪ್ಪಿಗೆಯಿಲ್ಲ, ಅಷ್ಟು ಹೊತ್ತು ಆಟಗಾರನ ಕೈ ಕಟ್ಟಬಾರದು. ನೀವು ಆಡಬೇಕು ಅಂತಿರುವ 2023ರ 16ನೇ ಭಾಗದ ಫೈಟ್ ರೂಪಿಸಿದವರು ಹಿಂದೆ ಡೆವಿಲ್ ಮೇ ಕ್ರೈ 5 ಅನ್ನುವ ಆಕ್ಷನ್ ಆಟದಲ್ಲಿ ಕೆಲಸ ಮಾಡಿದ್ದ ರ್ಯೋಟ ಸುಜುಕಿ. ಫೈಟ್ ಬಹಳ ಚೆನ್ನಾಗಿದೆ, ಕತೆಯೂ ಚೆನ್ನಾಗಿದೆ. ಆದರೆ ನನ್ನ ಪ್ರಕಾರ ಅವೆರಡೂ ಒಂದನ್ನೊಂದು ಮುಟ್ಟುವುದು ಕಡಿಮೆ. ದೃಶ್ಯ ನೋಡುತ್ತೇವೆ, ಹೊಡೆದಾಡುತ್ತೇವೆ, ಮತ್ತೆ ದೃಶ್ಯ ನೋಡುತ್ತೇವೆ. ಅದರಿಂದಲೇ ಶುರು ಮಾಡಿದರೆ ಈಗ ನಿಮಗಿರುವ ಅಭಿಪ್ರಾಯ ಇನ್ನೂ ಗಟ್ಟಿಯಾಗುತ್ತದೆ, ಅದು ನನಗೆ ಇಷ್ಟವಿಲ್ಲ.

ಇನ್ನೊಂದು ಮಾತು. ಕತೆಗೋಸ್ಕರ ಹಳೆಯದು ನೋಡಬೇಕಾದ ಅಗತ್ಯವೂ ಇಲ್ಲ. ಮುಖ್ಯ ಭಾಗಗಳ ಜಗತ್ತು, ಜನ, ಕತೆ ಎಲ್ಲ ಒಂದೊಂದಕ್ಕೂ ಬೇರೆ ಬೇರೆ. 16 ಅರ್ಥವಾಗಲು 1ರಿಂದ 15ರವರೆಗೆ ಏನೂ ಗೊತ್ತಿರಬೇಕಾಗಿಲ್ಲ.

10ರಿಂದ ಶುರು ಮಾಡಿ. 2001ರ ಆಟ, ರೀಮಾಸ್ಟರ್ ಪಿಸಿಯಲ್ಲೂ ಸಿಗುತ್ತದೆ. ಅದರಲ್ಲಿ ಕಾಯಬೇಕಾದ ಪಟ್ಟಿಯೂ ಇಲ್ಲ, ಯಾರ ಸರದಿ ಯಾವಾಗ ಅಂತ ಪರದೆಯ ಬದಿಯಲ್ಲೇ ಕಾಣುತ್ತದೆ, ನಿಮ್ಮ ಸರದಿ ಬಂದಾಗ ಬೇಕಾದಷ್ಟು ಯೋಚಿಸಬಹುದು, ಫೈಟ್ ನಡುವೆಯೇ ಜನರನ್ನು ಬದಲಿಸಬಹುದು. ಅದರ ಕತೆ ಬಗ್ಗೆ ಒಂದು ಮಾತೂ ಹೇಳುವುದಿಲ್ಲ. ಸಾರಾಂಶ ಓದಬೇಡಿ, ಮಾತುಗಳನ್ನು ಪೂರ್ತಿ ಓದಿ, ಸೇವ್ ಮಾಡುವಾಗ ಯಾವಾಗಲೂ ಎರಡು ಮೂರು ಸ್ಲಾಟ್ ಬಳಸಿ. ಶುರುವಿನ ದ್ವೀಪಗಳನ್ನು ದಾಟಿ ಲೂಕಾ ಅನ್ನುವ ಊರು ತಲುಪಿದ ಮೇಲೂ ಫೈಟ್ ಬೋರ್ ಅನ್ನಿಸುತ್ತಿದ್ದರೆ ಈ ಹಳೆಯ ಭಾಗಗಳು ನಿಮಗೆ ಹಿಡಿಸುವುದಿಲ್ಲ, ಅದರಲ್ಲಿ ತಪ್ಪೇನೂ ಇಲ್ಲ. ಆಗ ಖುಷಿಯಾಗಿ 16 ಆಡಿ. ವಿಡಿಯೋ ಮಾತ್ರ ಆಗಲೂ ಬೇಡ.