ರಾಕ್ ಸಂಗೀತದ ಅತಿ ದೊಡ್ಡ ಬೇಸಿಸ್ಟ್ ಯಾರು? ನನ್ನ ಉತ್ತರ: ಜಾನ್ ಎಂಟ್‌ವಿಸಲ್

ಗೆಳೆಯರ ನಡುವೆ ವಾದ ನಡೆದಿದೆ ಅಂತ ಬರೆದಿದ್ದೀರಿ. ಒಬ್ಬರು ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಅಂತಾರೆ, ಒಬ್ಬರು ರೆಡ್ ಹಾಟ್ ಚಿಲಿ ಪೆಪ್ಪರ್ಸ್‌ನ ಫ್ಲೀ, ಇನ್ನೊಬ್ಬರು ಮೆಟಾಲಿಕಾದ ಕ್ಲಿಫ್ ಬರ್ಟನ್. ರಾಕ್‌ನಲ್ಲಿ ಎಲ್ಲರಿಗಿಂತ ದೊಡ್ಡ ಬೇಸ್ ವಾದಕ ಯಾರು, ಕಾರಣ ಸಮೇತ ಹೇಳಿ ಅಂತ ಕೇಳಿದ್ದೀರಿ. ನನ್ನ ಮಟ್ಟಿಗೆ ಜಾನ್ ಎಂಟ್‌ವಿಸಲ್, 'ದಿ ಹೂ' ಬ್ಯಾಂಡಿನವರು. ನಿಮ್ಮ ವಾದದಲ್ಲಿ ಅವರ ಹೆಸರೇ ಬಂದಿಲ್ಲ ಅನ್ನೋದು ನೋಡಿ ಬೇಜಾರಾಯಿತು. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತೆ.

ನಾನೂ ಬೇಸ್ (ತಗ್ಗು ಸ್ವರದ, ಸಾಮಾನ್ಯವಾಗಿ ನಾಲ್ಕು ತಂತಿಯ ಗಿಟಾರ್) ನುಡಿಸುತ್ತೇನೆ. ಬೆಂಗಳೂರಿನ ಕಾಲೇಜು ದಿನಗಳಲ್ಲಿ ಹತ್ತಿದ ಗೀಳು, ಈಗ ಕೆಲಸದ ನಡುವೆ ಶನಿವಾರ ಭಾನುವಾರಕ್ಕೆ ಸೀಮಿತ. ಹೊಸದಾಗಿ ಬ್ಯಾಂಡ್ ಕಟ್ಟುವಾಗ ಏನಾಗುತ್ತೆ ಅಂತ ನಿಮಗೂ ಗೊತ್ತಿರಬಹುದು. ಗಿಟಾರ್ ಬರುವವರು ಮೂವರಿರುತ್ತಾರೆ, ಅವರಲ್ಲಿ ಬೇಡ ಅನ್ನಲಾಗದವನ ಕೈಗೆ ಬೇಸ್ ಬರುತ್ತೆ. ಬೀಟಲ್ಸ್‌ನಲ್ಲೂ ಹೀಗೇ ಆಯಿತು. 1961ರಲ್ಲಿ ಸ್ಟುವರ್ಟ್ ಸಟ್‌ಕ್ಲಿಫ್ ಬ್ಯಾಂಡ್ ಬಿಟ್ಟಾಗ ಬೇಸ್ ಹಿಡಿಯೋಕೆ ಯಾರಿಗೂ ಮನಸ್ಸಿರಲಿಲ್ಲ. ಕೊನೆಗೆ ಅದು ಮೆಕಾರ್ಟ್ನಿ ಪಾಲಿಗೆ ಬಂತು. ಬ್ಲ್ಯಾಕ್ ಸಬತ್‌ನ ಗೀಜರ್ ಬಟ್ಲರ್ ಕೂಡ ಮೊದಲು ಗಿಟಾರ್ ನುಡಿಸುತ್ತಿದ್ದವರೇ.

ಹೀಗೆ ಮೂಲೆಯಲ್ಲಿ ನಿಂತಿದ್ದ ವಾದ್ಯವನ್ನು ಮುಂದಕ್ಕೆ ತಂದದ್ದು ಯಾರು? ನನ್ನ ಅಳತೆಗೋಲು ಇದು. ವೇಗ ನೋಡಿ ತೀರ್ಮಾನ ಮಾಡೋಕೆ ಹೋದರೆ ವಾದ ಮುಗಿಯೋದೇ ಇಲ್ಲ. ಇವತ್ತು ಯೂಟ್ಯೂಬ್‌ನಲ್ಲಿ ಹದಿನೈದು ವರ್ಷದ ಹುಡುಗ ಹುಡುಗಿಯರು ನಾವಿಲ್ಲಿ ಹೆಸರಿಸಿದ ಎಲ್ಲರಿಗಿಂತ ವೇಗವಾಗಿ ನುಡಿಸುತ್ತಾರೆ. ಒಬ್ಬ ವಾದಕ ಬಂದ ಮೇಲೆ ಆ ವಾದ್ಯದ ಕೆಲಸವೇ ಬದಲಾಯಿತಾ, ಆಮೇಲೆ ಬಂದವರು ಅವರು ಹಾಕಿದ ದಾರಿಯಲ್ಲೇ ನಡೆಯಬೇಕಾಯಿತಾ ಅಂತ ನೋಡಬೇಕು.

ಲಿಯೋ ಫೆಂಡರ್ ಪ್ರಿಸಿಷನ್ ಬೇಸ್ ಅನ್ನೋ ಎಲೆಕ್ಟ್ರಿಕ್ ಬೇಸ್ ಗಿಟಾರನ್ನು ಮಾರುಕಟ್ಟೆಗೆ ತಂದದ್ದು 1951ರಲ್ಲಿ. ಅಲ್ಲಿಂದ ಹತ್ತು ಹದಿನೈದು ವರ್ಷ ರಾಕ್‌ನಲ್ಲಿ ಅದಕ್ಕೆ ಇದ್ದ ಕೆಲಸ ಹೆಚ್ಚುಕಡಿಮೆ ಒಂದೇ. ಡ್ರಮ್‌ ಜೊತೆ ಸೇರಿ ಕಾರ್ಡ್‌ನ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿನ) ಮೂಲ ಸ್ವರ ಹಿಡಿದುಕೊಂಡಿರೋದು. ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೋದಲ್ಲಿ ಜೇಮ್ಸ್ ಜೇಮರ್ಸನ್ ಒಂದೇ ಬೆರಳಲ್ಲಿ ಅದ್ಭುತಗಳನ್ನು ಮಾಡುತ್ತಿದ್ದರು, ನಿಜ. ಮೆಕಾರ್ಟ್ನಿಯೇ ಅವರಿಂದ ಕಲಿತೆ ಅಂದಿದ್ದಾರೆ. ಆದರೆ ಅದು ಸೋಲ್, ಅಂದರೆ ಅಮೆರಿಕದ ಕಪ್ಪು ಜನರ ನಡುವೆ ಬೆಳೆದ ಬೇರೆ ಬಗೆಯ ಸಂಗೀತ. ನೀವು ರಾಕ್ ಅಂತ ಗೆರೆ ಎಳೆದಿದ್ದೀರಿ. ಗೆರೆ ಅಳಿಸಿದರೆ ನಾನು ಜೇಮರ್ಸನ್‌ಗೆ ಕೈ ಎತ್ತುತ್ತೇನೆ.

ಎಂಟ್‌ವಿಸಲ್ ಹುಟ್ಟಿದ್ದು 1944ರಲ್ಲಿ, ಬೆಳೆದದ್ದು ಪಶ್ಚಿಮ ಲಂಡನ್ನಿನ ಚಿಸಿಕ್‌ನಲ್ಲಿ. ಚಿಕ್ಕಂದಿನಲ್ಲಿ ಪಿಯಾನೋ ಕಲಿತರು, ಆಮೇಲೆ ಟ್ರಂಪೆಟ್, ಫ್ರೆಂಚ್ ಹಾರ್ನ್. ಶಾಲೆಯ ಗೆಳೆಯ ಪೀಟ್ ಟೌನ್‌ಶೆಂಡ್ ಜೊತೆ ಹಳೇ ಧಾಟಿಯ ಜಾಝ್ ನುಡಿಸುತ್ತಿದ್ದರು. ಅಲ್ಲಿ ಟೌನ್‌ಶೆಂಡ್ ಕೈಯಲ್ಲಿ ಬ್ಯಾಂಜೋ, ಇವರ ಕೈಯಲ್ಲಿ ಟ್ರಂಪೆಟ್. ಮೊದಲ ಬೇಸ್ ಗಿಟಾರನ್ನು ಮನೆಯಲ್ಲೇ ತಾವೇ ಮಾಡಿಕೊಂಡರು. ಹೊಟ್ಟೆಪಾಡಿಗೆ ತೆರಿಗೆ ಕಚೇರಿಯಲ್ಲಿ ಗುಮಾಸ್ತೆ ಕೆಲಸ. ಹಾರ್ನ್ ಊದಿದವರ ಮನಸ್ಸು ಅವರ ಬೇಸ್‌ನಲ್ಲಿ ಕೇಳಿಸುತ್ತೆ ಅಂತ ನನಗೆ ಯಾವಾಗಲೂ ಅನಿಸಿದೆ. ಅವರ ಸಾಲುಗಳು ಟ್ರಂಪೆಟ್‌ನವರು ಉಸಿರು ಎಳೆದು ಒಂದೇ ಬಾರಿಗೆ ಊದಿದ ಹಾಗೆ ಬರುತ್ತವೆ, ಒಂದು ಕಡೆ ಶುರುವಾಗಿ ಇನ್ನೊಂದು ಕಡೆ ತಲುಪುತ್ತವೆ.

1965ರ 'ಮೈ ಜನರೇಷನ್' ಕೇಳಿ. ಹಾಡಿನ ನಡುವೆ ಗಿಟಾರ್ ಸೋಲೋ (ಒಂದು ವಾದ್ಯವೇ ಮುಂದೆ ಬಂದು ನುಡಿಯುವ ಭಾಗ) ಬರಬೇಕಾದ ಜಾಗದಲ್ಲಿ ಬೇಸ್ ಬರುತ್ತೆ. ಗಿಟಾರ್ ಒಂದು ಮಾತು ಆಡುತ್ತೆ, ಬೇಸ್ ಜವಾಬು ಕೊಡುತ್ತೆ. ರೇಡಿಯೋದಲ್ಲಿ ಬರುವ ಹಿಟ್ ಹಾಡಲ್ಲಿ ಬೇಸ್ ಸೋಲೋ ಅನ್ನೋದೇ ಆಗ ಕೇಳರಿಯದ ವಿಷಯ. ಬ್ರಿಟನ್ನಿನ ಹಿಟ್ ಹಾಡುಗಳ ಪಟ್ಟಿಯಲ್ಲಿ ಆ ಹಾಡು ಎರಡನೇ ಸ್ಥಾನಕ್ಕೆ ಹೋಯಿತು. ಆ ಸೋಲೋ ಹಿಂದಿನ ಕಥೆ ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ. ಡಾನ್‌ಎಲೆಕ್ಟ್ರೋ ಬೇಸ್‌ನಲ್ಲಿದ್ದ ತೆಳು ತಂತಿಯ ನಾದ ಅವರಿಗೆ ಬೇಕಿತ್ತು. ಆದರೆ ತಂತಿ ಕಿತ್ತುಹೋಗುತ್ತಿತ್ತು, ಬಿಡಿ ತಂತಿ ಲಂಡನ್ನಿನಲ್ಲಿ ಸಿಗುತ್ತಿರಲಿಲ್ಲ. ತಂತಿಗೋಸ್ಕರ ಇನ್ನೊಂದು ಗಿಟಾರನ್ನೇ ಕೊಂಡರು. ಅದೂ ಕಿತ್ತುಹೋಯಿತು, ಮತ್ತೊಂದು ಕೊಂಡರು. ಕೊನೆಗೆ ಫೆಂಡರ್ ಜಾಝ್ ಬೇಸ್‌ನಲ್ಲಿ ರೆಕಾರ್ಡ್ ಮಾಡಬೇಕಾಯಿತು.

ಈ ತಂತಿ ವಿಷಯ ಇಲ್ಲಿಗೇ ಮುಗಿಯಲಿಲ್ಲ. ನನ್ನ ಪ್ರಕಾರ ವಾದದ ಜೀವಾಳವೇ ಇದು. ಆ ಕಾಲದ ಬೇಸ್ ತಂತಿಗಳು ಬಹುತೇಕ ಫ್ಲಾಟ್‌ವೂಂಡ್. ಒಳಗಿನ ಉಕ್ಕಿನ ಎಳೆಗೆ ಚಪ್ಪಟೆ ಪಟ್ಟಿ ಸುತ್ತಿರುತ್ತಾರೆ. ಮುಟ್ಟಿದರೆ ನುಣುಪು. ಮೀಟಿದರೆ 'ದಮ್' ಅಂದು ಅಲ್ಲೇ ಅಡಗುತ್ತೆ. ದುಂಡನೆಯ ತಂತಿ ಸುತ್ತಿದರೆ ಅದು ರೌಂಡ್‌ವೂಂಡ್. ಉಗುರು ಆಡಿಸಿದರೆ ಕರ್ರ್ ಅಂತ ಸದ್ದು ಬರುತ್ತೆ. ಮೀಟಿದರೆ ಪಿಯಾನೋದ ಕೆಳಗಿನ ಮನೆಗಳ ಹಾಗೆ ಝೇಂಕಾರ, ಅದರ ಮೇಲೆ ಇನ್ನಷ್ಟು ಸಣ್ಣ ಸಣ್ಣ ಸ್ವರಗಳು. ಎಂಟ್‌ವಿಸಲ್‌ಗೆ ಬೇಕಿದ್ದದ್ದು ಈ ನಾದ. ಸಿಗುತ್ತಿದ್ದ ತಂತಿಗಳಲ್ಲಿ ದಪ್ಪನೆಯ ಎರಡು ಸರಿಯಾಗಿ ಕಂಪಿಸುತ್ತಲೇ ಇರಲಿಲ್ಲ. 1966ರಲ್ಲಿ ಅವರು ನೇರವಾಗಿ ರೋಟೋಸೌಂಡ್ ಕಂಪನಿಗೇ ಹೋದರು. ಜೇಮ್ಸ್ ಹೌ ಅವರ ಆ ಕಂಪನಿ ಇವರ ಜೊತೆ ಕೂತು, ಇವರ ಕಿವಿಗೆ ಒಪ್ಪುವ ತನಕ ಬೇರೆ ಬೇರೆ ದಪ್ಪದ ತಂತಿ ಸುತ್ತಿ ನೋಡಿತು. ಇವತ್ತು ಯಾವುದೇ ಅಂಗಡಿಗೆ ಹೋಗಿ ಬೇಸ್ ತಂತಿ ಕೊಡಿ ಅಂದರೆ, ಏನೂ ಕೇಳದೆ ಕೈಗಿಡೋದು ರೌಂಡ್‌ವೂಂಡ್ ತಂತಿಯನ್ನೇ.

ನಾನು ನನ್ನ ಬೇಸ್‌ನಲ್ಲಿ ಎರಡೂ ಹಾಕಿ ನೋಡಿದ್ದೇನೆ. ಅದೇ ಆಂಪ್ಲಿಫೈಯರ್, ಅದೇ ಬೆರಳು. ಫ್ಲಾಟ್ ತೆಗೆದು ರೌಂಡ್ ಹಾಕಿದ ದಿನ ಬೇರೆ ವಾದ್ಯವನ್ನೇ ಹಿಡಿದ ಹಾಗಾಯಿತು. ಬೆರಳ ತುದಿ ಉರಿಯುತ್ತೆ, ಫ್ರೆಟ್ (ಗಿಟಾರ್ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಬೇಗ ಸವೆಯುತ್ತೆ, ಬೆವರು ಕೂತಂತೆ ಹೊಳಪು ಕಡಿಮೆಯಾಗುತ್ತೆ. ಆದರೂ ಆ ಝೇಂಕಾರ ಒಮ್ಮೆ ಕಿವಿಗೆ ಬಿದ್ದರೆ ವಾಪಸ್ ಹೋಗೋಕೆ ಮನಸ್ಸು ಬರಲ್ಲ. ಯೆಸ್ ಬ್ಯಾಂಡಿನ ಕ್ರಿಸ್ ಸ್ಕ್ವಾಯರ್, ರಷ್‌ನ ಗೆಡ್ಡಿ ಲೀ, ಇಬ್ಬರ ಕಟುವಾದ ನಾದವೂ ಈ ಜಾತಿಯ ತಂತಿಯಿಂದಲೇ ಬಂದದ್ದು. (ಇದಕ್ಕೆ ಹೊರತಾದವರು ಐರನ್ ಮೇಡನ್‌ನ ಸ್ಟೀವ್ ಹ್ಯಾರಿಸ್. ಅವರು ಫ್ಲಾಟ್‌ವೂಂಡ್ ಹಾಕಿಕೊಂಡೇ ಆ ಕುದುರೆ ಓಟ ಓಡಿಸುತ್ತಾರೆ. 2007ರ ಮಾರ್ಚ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅದನ್ನು ಎದುರಿಗೇ ಕೇಳಿದವರಲ್ಲಿ ನಾನೂ ಒಬ್ಬ. ಎದೆಗೂಡು ನಡುಗಿತ್ತು.)

ಈಗ ಎಂಟ್‌ವಿಸಲ್ ನುಡಿಸುತ್ತಿದ್ದ ಬ್ಯಾಂಡ್ ಎಂಥದ್ದು ಅಂತ ನೋಡಿ. 'ದಿ ಹೂ'ನಲ್ಲಿ ವಾದ್ಯಗಳು ಮೂರೇ. ಟೌನ್‌ಶೆಂಡ್ ಗಿಟಾರ್‌ನಲ್ಲಿ ದೊಡ್ಡ ದೊಡ್ಡ ಕಾರ್ಡ್ ಹೊಡೆಯುತ್ತಿದ್ದರು, ಉದ್ದನೆಯ ಸೋಲೋಗಳ ಗೊಡವೆ ಕಡಿಮೆ. ಕೀತ್ ಮೂನ್ ಡ್ರಮ್‌ನಲ್ಲಿ ಲಯ ಕಾಯುತ್ತಾ ಕೂರುವವರಲ್ಲ, ಹಾಡಿನುದ್ದಕ್ಕೂ ಉರುಳುತ್ತಲೇ ಇರುತ್ತಿದ್ದರು. ಕಛೇರಿಯಲ್ಲಿ ಮೃದಂಗದವರು ಮೊದಲಿಂದ ಕೊನೆಯವರೆಗೂ ತನಿ ಆವರ್ತನವನ್ನೇ ನುಡಿಸಿದರೆ ತಾಳ ಹಿಡಿಯೋಕೆ ಬೇರೆ ಯಾರಾದರೂ ಬೇಕಲ್ವಾ? ಆ ಕೆಲಸ ಗಿಟಾರ್ ಮತ್ತು ಬೇಸ್ ಮೇಲೆ ಬಿತ್ತು. ರಾಗದ ಕಡೆ ಖಾಲಿ ಉಳಿದ ಜಾಗವನ್ನು ತುಂಬುವ ಕೆಲಸವೂ ಬೇಸ್‌ಗೇ ಬಂತು. ಎಂಟ್‌ವಿಸಲ್ ಎರಡನ್ನೂ ಒಟ್ಟಿಗೆ ಮಾಡಿದರು. ಅದೂ ವೇದಿಕೆಯ ಮೇಲೆ ಕಂಬದ ಹಾಗೆ ನಿಂತು. ಪಕ್ಕದಲ್ಲಿ ಒಬ್ಬರು ಗಿಟಾರ್ ಒಡೆಯುತ್ತಿದ್ದಾರೆ, ಒಬ್ಬರು ಮೈಕ್ ಬೀಸುತ್ತಿದ್ದಾರೆ, ಹಿಂದೆ ಡ್ರಮ್ ಉರುಳಿ ಬೀಳುತ್ತಿದೆ. ಇವರ ಬೆರಳು ಬಿಟ್ಟರೆ ಬೇರೇನೂ ಅಲುಗುವುದಿಲ್ಲ.

1973ರ 'ಕ್ವಾಡ್ರೊಫೀನಿಯಾ' ಆಲ್ಬಂನ 'ದಿ ರಿಯಲ್ ಮಿ' ಹಾಡನ್ನು ನಾನು ಕಲಿಯೋಕೆ ಕೂತಾಗ ಇದು ಸರಿಯಾಗಿ ಅರ್ಥವಾಯಿತು. ಹಾಡುಗಾರ ರೋಜರ್ ಡಾಲ್ಟ್ರಿ ಒಂದು ಸಾಲು ಹಾಡುವಷ್ಟರಲ್ಲಿ ಬೇಸ್ ಮೇಲಕ್ಕೆ ಓಡಿ, ಒಂದು ಸ್ವರವನ್ನು ಎಳೆದು, ಸರ್ರನೆ ಇಳಿದು, ಸಾಲು ಮುಗಿಯುವ ಹೊತ್ತಿಗೆ ಮೂಲ ಸ್ವರದ ಮೇಲೆ ಕೂತಿರುತ್ತೆ. ಪ್ರತಿ ಸಲ ದಾರಿ ಬೇರೆ. ಬಾಯಿಪಾಠ ಮಾಡೋಣ ಅಂದರೆ ತಿರುಗಿ ಬರುವ ಸಾಲೇ ಸಿಗಲ್ಲ. ಆದರೆ ಲಯ ಒಂದು ಕೂದಲೆಳೆಯಷ್ಟೂ ಜಾರುವುದಿಲ್ಲ. ಅದನ್ನು ಒಂದೇ ಟೇಕ್‌ನಲ್ಲಿ, ಸುಮ್ನೆ ತಮಾಷೆಗೆ ನುಡಿಸಿದ್ದು ಅಂತ ಅವರು ಹೇಳಿಕೊಂಡಿದ್ದಾರೆ. ಆ ಆಲ್ಬಂನಲ್ಲಿ ಕೇಳುವ ಹಾರ್ನ್‌ಗಳನ್ನು ಊದಿದವರೂ ಅವರೇ.

ಎಂಟ್‌ವಿಸಲ್ ಜಾಸ್ತಿ ನುಡಿಸುತ್ತಾರೆ, ಬೇಸ್ ಅಂದರೆ ತಗ್ಗಿ ಇರಬೇಕು ಅನ್ನೋ ಆಕ್ಷೇಪ ಇದೆ. ಗಟ್ಟಿ ಆಕ್ಷೇಪವೇ. ಬೇರೆ ಬ್ಯಾಂಡಿನಲ್ಲಿ ಅವರ ಧಾಟಿ ಹಾಡನ್ನು ಕೆಡಿಸುತ್ತಿತ್ತು ಅಂದರೆ ನಾನು ಒಪ್ಪುತ್ತೇನೆ. ಆದರೆ ಅವರಿದ್ದದ್ದು ಈ ಬ್ಯಾಂಡಿನಲ್ಲಿ. ಇಲ್ಲಿ ಅವರು ತಗ್ಗಿದ್ದರೆ ನಡುವೆ ದೊಡ್ಡ ಗುಂಡಿಯೇ ಉಳಿಯುತ್ತಿತ್ತು. ಅವರಿಗೆ ಕಾಯೋದೂ ಗೊತ್ತಿತ್ತು. 1971ರ 'ಬಿಹೈಂಡ್ ಬ್ಲೂ ಐಸ್' ಕೇಳಿದರೆ ಗೊತ್ತಾಗುತ್ತೆ.

ಮೆಕಾರ್ಟ್ನಿ ಪರ ಇರುವ ನಿಮ್ಮ ಗೆಳೆಯರ ಮಾತನ್ನು ಮಾತ್ರ ತಳ್ಳಿಹಾಕೋಕೆ ಆಗಲ್ಲ. 1966ರ 'ರೇನ್', 1969ರ 'ಸಮ್‌ಥಿಂಗ್', ಹಾಡಿನ ಕೆಳಗೆ ಇನ್ನೊಂದು ಹಾಡು ಹರಿದ ಹಾಗಿವೆ. 'ಸಾರ್ಜೆಂಟ್ ಪೆಪ್ಪರ್' ಹೊತ್ತಿಗೆ ಅವರು ಮಿಕ್ಕೆಲ್ಲ ರೆಕಾರ್ಡ್ ಆದ ಮೇಲೆ ಎಷ್ಟೋ ಸಲ ಒಬ್ಬರೇ ಉಳಿದು ಬೇಸ್ ಸೇರಿಸುತ್ತಿದ್ದರು. ಬೇಸ್ ಸಾಲು ಕಟ್ಟುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಆದರೆ ಅದು ಹಾಡು ಕಟ್ಟುವವರ ಬೇಸ್, ಕೂತು ಯೋಚಿಸಿ ತಿದ್ದಿದ್ದು. ವೇದಿಕೆ ಮೇಲೆ, ಆ ಕ್ಷಣಕ್ಕೆ, ಎದುರಿಗಿರುವವರು ಎತ್ತ ತಿರುಗುತ್ತಾರೋ ಗೊತ್ತಿಲ್ಲದೆ ನುಡಿಸುವವರಿಗೆ ನಾನು ಒಂದು ತೂಕ ಜಾಸ್ತಿ ಕೊಡುತ್ತೇನೆ. ಇದು ನನ್ನ ರುಚಿ, ನಿಮ್ಮ ಗೆಳೆಯರದ್ದು ಬೇರೆ ಇರಬಹುದು.

ಬರ್ಟನ್ ಬಗ್ಗೆ ಬರೆಯುವಾಗ ಕರುಳು ಚುರ್ ಅನ್ನುತ್ತೆ. ಮೆಟಾಲಿಕಾದಲ್ಲಿ ಮೂರೇ ಆಲ್ಬಂ. 1986ರಲ್ಲಿ ಸ್ವೀಡನ್ನಿನಲ್ಲಿ ಬಸ್ ಉರುಳಿ ತೀರಿಕೊಂಡಾಗ 24 ವರ್ಷ. ಬದುಕಿದ್ದರೆ ಈ ವಾದ ಬೇರೆ ರೀತಿ ನಡೆಯುತ್ತಿತ್ತೋ ಏನೋ. ಫ್ಲೀ ನನಗೂ ಇಷ್ಟ. ಆದರೆ ಅವರನ್ನು ಪ್ರಸಿದ್ಧಿಗೆ ತಂದ, ಹೆಬ್ಬೆರಳಲ್ಲಿ ತಂತಿಗೆ ಹೊಡೆಯುವ ಸ್ಲ್ಯಾಪ್ ಧಾಟಿ ಲ್ಯಾರಿ ಗ್ರಹಾಂ ಫಂಕ್‌ನಲ್ಲಿ ಮೊದಲೇ ಹಾಕಿಕೊಟ್ಟ ದಾರಿ. ನನ್ನ ಎರಡನೇ ಸ್ಥಾನ ಲೆಡ್ ಜೆಪೆಲಿನ್‌ನ ಜಾನ್ ಪಾಲ್ ಜೋನ್ಸ್‌ಗೆ. 1969ರ 'ರ‍್ಯಾಂಬಲ್ ಆನ್' ಒಂದನ್ನೇ ಕೇಳಿ ಸಾಕು.

ರೋಲಿಂಗ್ ಸ್ಟೋನ್ ಪತ್ರಿಕೆಯ ಓದುಗರು 2011ರಲ್ಲಿ ಎಂಟ್‌ವಿಸಲ್‌ರನ್ನೇ ಮೊದಲ ಸ್ಥಾನದಲ್ಲಿ ನಿಲ್ಲಿಸಿದರು. ಅದೇ ಪತ್ರಿಕೆ 2020ರಲ್ಲಿ ಎಲ್ಲ ಬಗೆಯ ಸಂಗೀತ ಸೇರಿಸಿ ಮಾಡಿದ ಪಟ್ಟಿಯಲ್ಲಿ ಜೇಮರ್ಸನ್ ಮೊದಲು, ಇವರು ಮೂರನೆಯವರು. ಗೆಳೆಯರು ಪಟ್ಟಿ ತೋರಿಸಿ ಬಾಯಿ ಮುಚ್ಚಿಸೋಕೆ ಬಂದರೆ ನಿಮ್ಮ ಕೈಯಲ್ಲೂ ಒಂದಿರಲಿ ಅಂತ ಹೇಳಿದೆ. ಇಂಥ ವಾದ ತೀರ್ಮಾನ ಆಗಬೇಕಾದ್ದು ಕಿವಿಯಲ್ಲಿ.

ಅದಕ್ಕೆ ಮೊದಲು ಫೋನ್ ಸ್ಪೀಕರ್ ಬಿಡಿ. ಬೇಸ್‌ನ ದಪ್ಪ ತಂತಿಯ ಸ್ವರ ಸುಮಾರು 41 ಹರ್ಟ್ಜ್. ಫೋನಿನ ಪುಟ್ಟ ಸ್ಪೀಕರ್‌ನಿಂದ ಅದು ಹೊರಡೋದೇ ಇಲ್ಲ. ಬೇಸ್ ಕೇಳಿಸಲ್ಲ ಅನ್ನುವವರಲ್ಲಿ ಅರ್ಧ ಜನರ ತೊಂದರೆ ಇದೇ. ಒಳ್ಳೆ ಹೆಡ್‌ಫೋನ್ ಹಾಕಿಕೊಂಡು 'ದಿ ಹೂ'ನ 'ಲೈವ್ ಅಟ್ ಲೀಡ್ಸ್' ಆಲ್ಬಂ ಹಚ್ಚಿ. 1970ರ ಫೆಬ್ರವರಿ 14ರಂದು ಲೀಡ್ಸ್ ವಿಶ್ವವಿದ್ಯಾಲಯದ ಊಟದ ಹಾಲ್‌ನಲ್ಲಿ ರೆಕಾರ್ಡ್ ಆದದ್ದು. ಅದರಲ್ಲಿ ಬೇಸ್ ಒಂದು ಕಿವಿಗೆ, ಗಿಟಾರ್ ಇನ್ನೊಂದು ಕಿವಿಗೆ ಬರುತ್ತೆ. ಗಿಟಾರ್ ಇರುವ ಕಡೆಯದನ್ನು ತೆಗೆದು ಒಂದು ಹಾಡು ಪೂರ್ತಿ ಕೇಳಿ. ಅದಾದ ಮೇಲೆ 2000ದ ನವೆಂಬರ್‌ನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನುಡಿಸಿದ '5:15' ವಿಡಿಯೋ ನೋಡಿ. ನಡುವೆ ಎಂಟ್‌ವಿಸಲ್ ಅವರದ್ದೇ ಉದ್ದನೆಯ ಸೋಲೋ ಇದೆ. ಬಲಗೈಯ ನಾಲ್ಕೂ ಬೆರಳು ಟೈಪ್‌ರೈಟರ್ ಕುಟ್ಟುವ ಹಾಗೆ ತಂತಿಯ ಮೇಲೆ ಬೀಳುವುದನ್ನು ಗಮನಿಸಿ. ಆಗ ಅವರಿಗೆ 56 ವರ್ಷ. ಎರಡು ವರ್ಷ ತುಂಬುವ ಮೊದಲೇ, 2002ರ ಜೂನ್ 27ರಂದು, ಅಮೆರಿಕ ಪ್ರವಾಸ ಶುರುವಾಗುವ ಹಿಂದಿನ ದಿನ ಲಾಸ್ ವೇಗಸ್‌ನಲ್ಲಿ ತೀರಿಕೊಂಡರು.

ಈ ಎರಡನ್ನು ಗೆಳೆಯರಿಗೂ ಕೇಳಿಸಿ, ಅವರು ಏನಂದರು ಅಂತ ಇಲ್ಲಿ ಬರೆಯಿರಿ. ಮೆಕಾರ್ಟ್ನಿ ಪರ ಇರುವವರ ಉತ್ತರವನ್ನು ತಪ್ಪದೆ ಬರೆಯಿರಿ, ಅವರ ಜೊತೆ ಮಾತು ಮುಂದುವರಿಸೋಕೆ ನನಗೆ ತುಂಬಾ ಆಸೆ.