20ಕ್ಕೆ 20 ಬಂದಾಗ ಯಾರೂ ಕೇಳಲಿಲ್ಲ

ಚಿತ್ತಾಪುರದ ಓದುಗರೊಬ್ಬರು ಸಿಟ್ಟಿನಲ್ಲೇ ಬರೆದಿದ್ದಾರೆ. ಮಗನಿಗೆ ಒಂಬತ್ತನೇ ತರಗತಿವರೆಗೂ ಎ ಪ್ಲಸ್, ಎಸ್ಸೆಸ್ಸೆಲ್ಸಿ ಗಣಿತದಲ್ಲಿ 80ಕ್ಕೆ 31. ಕ್ಯಾಮೆರಾ ಇಟ್ಟು ಮಕ್ಕಳನ್ನು ಹೆದರಿಸಿದರು, ಪೇಪರನ್ನೂ ಬಿಗಿಯಾಗಿ ತಿದ್ದಿದರು, ನೀವ್ಯಾಕೆ ಬರೆಯಲ್ಲ ಅಂತ ಪ್ರಶ್ನೆ.

ಬರೆಯುತ್ತೇನೆ ಸರ್, ಆದರೆ ನಿಮಗೆ ಹಿಡಿಸಲಿಕ್ಕಿಲ್ಲ. ಪತ್ರದ ಜೊತೆ ಮಗನ ಒಂಬತ್ತನೇ ತರಗತಿ ಗಣಿತ ಪೇಪರಿನ ಜೆರಾಕ್ಸ್ ಇಟ್ಟಿದ್ದೀರಿ. ಪ್ರಮೇಯದ ಪ್ರಶ್ನೆ ನೋಡಿ. ಚಿತ್ರ ಇದೆ, ದತ್ತ ಇದೆ, ಸಾಧನೀಯ ಇದೆ, ಸಾಧನೆ ಮಾತ್ರ ಎರಡೇ ಸಾಲಿಗೆ ನಿಂತಿದೆ. ಪಕ್ಕದಲ್ಲಿ ಟಿಕ್, 4ಕ್ಕೆ 4. ಕೊನೇ ಪುಟದಲ್ಲಿ ಪಾಲಕರ ಸಹಿ, ನಿಮ್ಮದೇ.

ಮೇಷ್ಟ್ರು ಹಾಗೆ ಹಾಕಿದ್ದು ತಪ್ಪೇ. ಆದರೆ ಯಾಕೆ ಹಾಕಿದರು? ನಮ್ಮ ಕಡೆ ಪಾಲಕರ ಸಭೆಯಲ್ಲಿ ಒಮ್ಮೆ ಹಿಂದೆ ಕೂತು ಕೇಳಿ. "ಬಾಜು ಮನಿ ಹುಡುಗಗ ಎ ಪ್ಲಸ್ ಅದ, ನಮ್ಮವಗ ಯಾಕ ಬಿ ಪ್ಲಸ್ ಕೊಟ್ಟೀರಿ?" ಖಾಸಗಿ ಶಾಲೆಯಾದರೆ ಮುಂದಿನ ಮಾತು ಟಿಸಿ. ಫೀಸು ಕಟ್ಟುವವರು ಹೋದರೆ ಶಾಲೆ ನಡೆಯಲ್ಲ, ಮ್ಯಾನೇಜ್‌ಮೆಂಟು ಮೇಷ್ಟ್ರಿಗೇ ಹೇಳುತ್ತದೆ, ಅವರೂ ಸುಮ್ನೆ ಗ್ರೇಡ್ ಏರಿಸಿ ಕೈ ತೊಳೆದುಕೊಳ್ಳುತ್ತಾರೆ. ಶಾಲೆಯೇ ಹಾಕುವ ಆಂತರಿಕ ಅಂಕ ಮಗನಿಗೆ 20ಕ್ಕೆ 20 ಬಂದಾಗ ಯಾವ ಪ್ರಾಜೆಕ್ಟಿಗೆ ಅಂತ ಕೇಳಿದ್ರಾ?

ಕ್ಯಾಮೆರಾ ವಿಷಯಕ್ಕೆ ಬರೋಣ. 2024ರಲ್ಲಿ ವೆಬ್‌ಕಾಸ್ಟಿಂಗ್ ಬಂತು, ಅಂದರೆ ಪರೀಕ್ಷಾ ಕೊಠಡಿಯನ್ನು ಕ್ಯಾಮೆರಾದಲ್ಲಿ ನೇರವಾಗಿ ನೋಡುವುದು. ಆ ವರ್ಷ ಗ್ರೇಸ್ ಅಂಕವನ್ನು ಶೇ 20ಕ್ಕೆ ಏರಿಸಿದ ಮೇಲೂ ಯಾದಗಿರಿ ಶೇ 50.59 ಫಲಿತಾಂಶದೊಂದಿಗೆ ರಾಜ್ಯಕ್ಕೆ ಕೊನೆ, ಅದರ ಮೇಲೆ ನಮ್ಮ ಕಲಬುರಗಿ. 2025ರಲ್ಲಿ ಆ ಗ್ರೇಸ್ ತೆಗೆದರು, ಶೇ 42.43ರೊಂದಿಗೆ ನಾವೇ ಕೊನೆ. ಕ್ಯಾಮೆರಾ 2024ರಲ್ಲಿ ರಾಜ್ಯಕ್ಕೆ ಮೊದಲು ಬಂದ ಉಡುಪಿಯಲ್ಲೂ ಇತ್ತು ಅಲ್ವಾ? ಮೇಷ್ಟ್ರ ಹುದ್ದೆ ಖಾಲಿ ಇರುವುದು, ತೊಗರಿ ರಾಶಿಗೆ ಮಕ್ಕಳು ಹೊಲಕ್ಕೆ ಹೋಗುವುದು ಎಲ್ಲಾ ನಿಜ, ಅದನ್ನು ಬರೆಯುತ್ತಲೇ ಇರುತ್ತೇವೆ. ಆದರೆ ಆ ಕೊರತೆ ಮನೆಯವರಿಗೆ ಹತ್ತನೇ ತರಗತಿವರೆಗೂ ಕಾಣದಂತೆ ಮುಚ್ಚಿಟ್ಟಿದ್ದು ಈ ಎ ಪ್ಲಸ್‌ಗಳೇ.

ಈಗ ಪಾಸಾಗಲು ಆಂತರಿಕವೂ ಸೇರಿ 625ಕ್ಕೆ 206 ಸಾಕು. ಆಂತರಿಕದ 125 ಪೂರ್ತಿ ಕೊಟ್ಟರೆ ಬರವಣಿಗೆಯ 500ರಲ್ಲಿ 81 ಉಳಿಯಿತು. ಪ್ರತಿ ವಿಷಯಕ್ಕೂ ಕನಿಷ್ಠ ಅಂಕದ ಷರತ್ತಿದೆ, ಇರಲಿ. ಆ 125 ಜೊಳ್ಳಾದರೆ ಪಾಸಿಗೇನು ಅರ್ಥ? ನನಗಂತೂ ಇದು ಒಪ್ಪಿಗೆಯಿಲ್ಲ.

ನಿಮ್ಮ ಮಗ ಪಾಸಾಗಿದ್ದಾನೆ, ಬೈಯಬೇಡಿ. ಮಂಡಳಿಗೆ ಅರ್ಜಿ ಹಾಕಿ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿ. ಬಿಗಿಯಾಗಿ ತಿದ್ದಿದ್ದಾರೆ ಅನಿಸಿದರೆ ಮರುಮೌಲ್ಯಮಾಪನ ಇದ್ದೇ ಇದೆ. ಅದಕ್ಕೂ ಮೊದಲು ಈ ಪೇಪರು, ಒಂಬತ್ತನೆಯದು, ಎರಡನ್ನೂ ಹಿಡಿದು ಅವನ ಗಣಿತ ಮೇಷ್ಟ್ರ ಹತ್ತಿರ ಹೋಗಿ. ಜಗಳಕ್ಕಲ್ಲ. ಆ ಪ್ರಮೇಯದ ಮೂರನೇ ಸಾಲು ಏನಾಗಬೇಕಿತ್ತು ಅಂತ ಕೇಳಿ, ಮಗನನ್ನೂ ಪಕ್ಕದಲ್ಲಿ ಕೂರಿಸಿಕೊಂಡು.